ಗಾಲಿ ನೆಲಕ್ಕೂರಿದ ಮೇಲೆ ಬಿಗಿಯಬೇಕಾದ ಬೋಲ್ಟು



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಗಾಡಿ ಓಡಿಸುವವರಿಗೆ, ಗಾಡಿ ರಿಪೇರಿ ಮಾಡುವವರಿಗೆ, ಆ ಗಾಡಿಗಳಲ್ಲಿ ಒತ್ತಿಕೊಂಡು ಕೂತು ದಿನಾ ಊರಿಂದೂರಿಗೆ ಹೋಗಿ ಬರುವವರಿಗೆ ಇವತ್ತಿನ ಮಾತು. ವಿಷಯ ಬುಷ್. ಮುಂದಿನ ಗಾಲಿಯ ಆರ್ಮ್ ಚಾಸಿಗೆ ಸೇರುವ ಜಾಗದಲ್ಲಿ, ಹಿಂದಿನ ಪಾಟಾದ, ಅಂದರೆ ಲೀಫ್ ಸ್ಪ್ರಿಂಗಿನ, ಕಣ್ಣಿನಲ್ಲಿ, ಶಾಕಬ್ಸರಿನ ತುದಿಯಲ್ಲಿ ಕೂತಿರುವ ರಬ್ಬರಿನ ಬುಷ್. ಹಳೆಯದನ್ನು ಹೊಡೆದು ತೆಗೆದು ಹೊಸದನ್ನು ಹಾಕುವ ಕೆಲಸ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಹದಿನಾರು ವರ್ಷದ ಹುಡುಗನಿಗೂ ಬರುತ್ತದೆ. ಆದರೆ ಅದರ ನಡುವೆ ಹಾಯುವ ಬೋಲ್ಟನ್ನು ಯಾವ ಹೊತ್ತಿನಲ್ಲಿ ಬಿಗಿಯಬೇಕು ಎಂಬ ಒಂದು ಸಂಗತಿ ಕೈತಪ್ಪಿ ಹೋಗಿದೆ. ಅದೊಂದನ್ನು ಸರಿಪಡಿಸಿಕೊಂಡರೆ ವರ್ಷದಲ್ಲಿ ಎರಡು ಸಲ ಬದಲಿಸುವ ಬುಷ್ ಹಲವು ವರ್ಷ ಬಾಳುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಬುಷ್ ಹೇಗಿರುತ್ತದೆ ನೋಡೋಣ. ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು ಸಣ್ಣ ಕೊಳವೆ, ಎರಡರ ನಡುವೆ ರಬ್ಬರು. ಹೊರಗಿನ ಕೊಳವೆಯನ್ನು ಆರ್ಮಿನ ತೂತಿಗೆ ಪ್ರೆಸ್ ಮಾಡಿ ಕೂರಿಸಿರುತ್ತಾರೆ. ಒಳಗಿನ ಕೊಳವೆಯಲ್ಲಿ ಬೋಲ್ಟ್ ಹಾಯುತ್ತದೆ. ಆ ಬೋಲ್ಟು ಚಾಸಿಯ ಎರಡು ಕಿವಿಗಳ ನಡುವೆ ಒಳಕೊಳವೆಯನ್ನು ಕಚ್ಚಿ ಹಿಡಿಯುತ್ತದೆ. ಎಷ್ಟೋ ಬುಷ್‌ಗಳಲ್ಲಿ ಒಳಕೊಳವೆಯ ಅಂಚಿಗೆ ಸಣ್ಣ ಹಲ್ಲುಗಳನ್ನೂ ಕೊರೆದಿರುತ್ತಾರೆ, ಕಿವಿಯ ಕಬ್ಬಿಣಕ್ಕೆ ಅವು ನಾಟಿಕೊಳ್ಳಲಿ ಎಂದು. ಅಂದರೆ ಬೋಲ್ಟು ಬಿಗಿದ ಮೇಲೆ ಒಳಗಿನ ಕೊಳವೆ ಅಲುಗಾಡುವಂತಿಲ್ಲ, ಹೊರಗಿನ ಕೊಳವೆ ಆರ್ಮಿನ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ಇವೆರಡರ ನಡುವಿನ ಆಟವನ್ನೆಲ್ಲ ರಬ್ಬರು ತನ್ನ ಮೈಯನ್ನು ತಿರುಚಿಕೊಂಡು ತಾಳಿಕೊಳ್ಳಬೇಕು. ಇಲ್ಲಿ ಯಾವುದೂ ಉಜ್ಜುವುದಿಲ್ಲ, ಜಾರುವುದಿಲ್ಲ. ಅದಕ್ಕೇ ಇದಕ್ಕೆ ಗ್ರೀಸ್ ಬೇಡ, ಸಪ್ಪಳವೂ ಇಲ್ಲ. ಗ್ಯಾರೇಜಿನ ಮಾತಿನಲ್ಲಿ ಇದು ಸೈಲೆಂಟ್ ಬ್ಲಾಕ್.

ತಿರುಚಿದ ರಬ್ಬರು ವಾಪಸು ಬರುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ಯಾವ ಸ್ಥಿತಿಯಲ್ಲಿ ಬೋಲ್ಟು ಬಿಗಿಯುತ್ತೇವೋ ಅದೇ ಆ ರಬ್ಬರಿನ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಮ್ಮ ಗ್ಯಾರೇಜುಗಳಲ್ಲಿ ಆಗುವುದೇನು? ಚಿಂಚೋಳಿಯಿಂದ ಒಂದು ಕ್ರೂಸರ್ ಗಾಡಿ ಬರುತ್ತದೆ ಎಂದುಕೊಳ್ಳಿ. ಡ್ರೈವರ್ ಇಳಿದು, “ಉಸ್ತಾದ್, ಮುಂದಿನ ಗಾಲಿ ಕಡೆ ಕಟಕಟ ಅಂತ ಸಪ್ಪಳ ಬರ್ಲಕತ್ತದ, ಜರಾ ನೋಡ್ರಿ” ಅನ್ನುತ್ತಾನೆ. ಉಸ್ತಾದ್ ಜಾಕ್ ಹಚ್ಚಿ ಗಾಡಿ ಎತ್ತುತ್ತಾರೆ. ಗಾಲಿ ಬಿಚ್ಚುತ್ತಾರೆ. ಆರ್ಮ್ ಜೋತು ಬೀಳುತ್ತದೆ. ಹಳೆಯ ಬುಷ್ ತೆಗೆದು ಹೊಸದು ಹಾಕಿ, ಬೋಲ್ಟು ತೂರಿಸಿ, ಆರ್ಮ್ ಜೋತಾಡುತ್ತಿರುವಾಗಲೇ ಪಾನಾಕ್ಕೆ ಪೈಪು ಸಿಕ್ಕಿಸಿ ಮೈಯ ಭಾರವೆಲ್ಲ ಬಿಟ್ಟು ಬಿಗಿಯುತ್ತಾರೆ. ಗಾಲಿ ಹಾಕಿ ಗಾಡಿ ಇಳಿಸುತ್ತಾರೆ. ಸಪ್ಪಳ ನಿಂತಿರುತ್ತದೆ. ಡ್ರೈವರ್ ಖುಷಿಯಿಂದ ಹೋಗುತ್ತಾನೆ. ಆದರೆ ಗಾಡಿ ಇಳಿದ ಆ ಗಳಿಗೆಯಲ್ಲೇ ಒಳಗಿನ ರಬ್ಬರು ತಿರುಚಿಕೊಂಡಿದೆ. ಗಾಡಿ ನಿಂತಿದ್ದರೂ ತಿರುಚಿಕೊಂಡಿದೆ, ರಾತ್ರಿ ಮನೆ ಮುಂದೆ ನಿಲ್ಲಿಸಿದಾಗಲೂ ತಿರುಚಿಕೊಂಡಿದೆ. ಕುತ್ತಿಗೆಯನ್ನು ಒಂದೇ ಕಡೆಗೆ ತಿರುವಿಕೊಂಡು ಮಲಗಿದವನಂತೆ ಅದಕ್ಕೆ ಬಿಡುವೆಂಬುದೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಆರ್ಮಿನ ಉದ್ದ 400 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಜಾಕ್ ಮೇಲೆ ಗಾಲಿ ಜೋತುಬಿದ್ದಾಗ, ನೆಲದ ಮೇಲೆ ನಿಂತಾಗಿನ ಮಟ್ಟಕ್ಕಿಂತ 100 ಮಿಲಿಮೀಟರ್ ಕೆಳಗಿರುತ್ತದೆ ಎನ್ನೋಣ. ಆಗ ಆರ್ಮ್ ಸುಮಾರು 14 ಡಿಗ್ರಿ ಕೆಳಕ್ಕೆ ವಾಲಿರುತ್ತದೆ. ಇನ್ನು ಗಾಲಿ ಒಂದು ಕಲ್ಲು ಹತ್ತಿ 80 ಮಿಲಿಮೀಟರ್ ಮೇಲೆ ಬಂದರೆ ಸುಮಾರು 12 ಡಿಗ್ರಿ ಮೇಲಕ್ಕೆ ಹೋಗುತ್ತದೆ. ಗಾಡಿ ನೆಲದ ಮೇಲಿದ್ದಾಗ ಬಿಗಿದಿದ್ದರೆ ರಬ್ಬರಿಗೆ ಕೆಳಗೆ 14, ಮೇಲೆ 12 ಡಿಗ್ರಿ. ಎರಡೂ ಅದು ತಾಳುವ ತಿರುಚು, ನಡುವೆ ಬಿಡುವೂ ಉಂಟು. ಜೋತುಬಿದ್ದಾಗ ಬಿಗಿದಿದ್ದರೆ ನಿಂತಲ್ಲೇ 14, ಕಲ್ಲು ಹತ್ತಿದಾಗ ಒಂದೇ ದಿಕ್ಕಿಗೆ 26 ಡಿಗ್ರಿ. ದಿನಕ್ಕೆ ಸಾವಿರಾರು ಸಲ. ರಬ್ಬರು ಮೊದಲು ಅಂಚಿನಲ್ಲಿ ಸೀಳುತ್ತದೆ, ಆಮೇಲೆ ಕೊಳವೆಯಿಂದ ಬಿಟ್ಟುಕೊಳ್ಳುತ್ತದೆ, ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಲು ಶುರು. ಡ್ರೈವರ್ ಮತ್ತೆ ಬರುತ್ತಾನೆ. ಬುಷ್ ಡೂಪ್ಲಿಕೇಟ್ ಎಂದು ಅಂಗಡಿಯವನಿಗೆ ಬೈಗುಳ. ರಸ್ತೆ ಕೆಟ್ಟದ್ದೆಂದು ಸರ್ಕಾರಕ್ಕೆ ಬೈಗುಳ. ಡೂಪ್ಲಿಕೇಟ್ ಮಾಲು ಇರುವುದು ನಿಜ, ರಸ್ತೆ ಕೆಟ್ಟಿರುವುದೂ ನಿಜ. ಆದರೆ ಒಳ್ಳೆಯ ಕಂಪನಿಯ ಬುಷ್ ಕೂಡ ಹೀಗೆ ಬಿಗಿದರೆ ಉಳಿಯುವುದಿಲ್ಲ.

ಇನ್ನೊಂದು ಲಕ್ಷಣವಿದೆ. ಹೊಸ ಬುಷ್ ಹಾಕಿಸಿಕೊಂಡು ಬಂದವರು, “ಗಾಡಿ ಮುಂದ ಜರಾ ಎತ್ತರಾಗ್ಯಾದ, ಟಣ್ ಅಂತ ಬಿಗೀ ಆಗ್ಯಾದ” ಎನ್ನುವುದುಂಟು. ಹೊಸದು ಹಾಕಿದ್ದಕ್ಕೆ ಹಾಗೆ ಎಂದು ಸಮಾಧಾನ ಹೇಳಿ ಕಳಿಸುತ್ತಾರೆ. ತಿರುಚಿಕೊಂಡ ರಬ್ಬರು ತಾನೇ ಒಂದು ಸ್ಪ್ರಿಂಗಿನ ಹಾಗೆ ಗಾಡಿಯನ್ನು ಮೇಲಕ್ಕೆ ನೂಕುತ್ತಿರುತ್ತದೆ, ಅದಕ್ಕೇ ಆ ಎತ್ತರ, ಆ ಬಿಗಿ. ಎಡಬದಿ ಬಲಬದಿಯಲ್ಲಿ ಬೇರೆ ಬೇರೆ ಸ್ಥಿತಿಯಲ್ಲಿ ಬಿಗಿದಿದ್ದರೆ ಗಾಡಿ ಒಂದು ಕಡೆ ವಾಲಿಯೂ ನಿಲ್ಲಬಹುದು. ಇಂಥ ಗಾಡಿಗೆ ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಅದೂ ದುಡ್ಡು ದಂಡ. ರಬ್ಬರು ಹರಿದು ಗಾಡಿ ತನ್ನ ಮಟ್ಟಕ್ಕೆ ಇಳಿದಾಗ ಅಲೈನ್‌ಮೆಂಟ್ ಮತ್ತೆ ತಪ್ಪುತ್ತದೆ.

ಈ ಮಾತು ಎಲ್ಲ ಕಡೆಗೂ ಸಲ್ಲುತ್ತದೆ, ನಿಜ. ಆದರೆ ನಮ್ಮ ಸೀಮೆಗೆ ಇದು ಹೆಚ್ಚು ತಾಗುವುದಕ್ಕೆ ಕಾರಣ ನಮ್ಮ ನೆಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತ ಭೂಮಿಯೊಳಗೆ ಸುಣ್ಣಕಲ್ಲು ಹಾಳೆ ಹಾಳೆಯಾಗಿ ಹರಡಿದೆ. ಶಹಾಬಾದ ಫರ್ಸಿ ಎಂದು ದೇಶದ ತುಂಬ ಮನೆಗಳ ನೆಲಕ್ಕೆ ಹೋದದ್ದು ಇದೇ ಕಲ್ಲು. ಸಿಮೆಂಟಿಗೂ ಇದೇ ಕಲ್ಲು, ವಾಡಿಯಲ್ಲಿ ಎ.ಸಿ.ಸಿ., ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ ಎಂದು ಜನ ಕರೆಯುವ ಕಾರ್ಖಾನೆಗಳು ನಿಂತಿರುವುದು ಇದರ ಮೇಲೆಯೇ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದ ಪಕ್ಕದಲ್ಲಿ ಹಗಲಿರುಳು ಲಾರಿಗಳ ಸಾಲು. ಸುಣ್ಣಕಲ್ಲಿನ ಮೇಲೆ, ಅಕ್ಕಪಕ್ಕದಲ್ಲಿ, ಎರೆ ಭೂಮಿ. ತೊಗರಿ ಬೆಳೆಯುವುದಕ್ಕೆ ಎರೆಯಂಥ ಮಣ್ಣಿಲ್ಲ, ರಸ್ತೆಗೆ ಅದರಂಥ ವೈರಿ ಇಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ಖಣಿಗೆ ಇಳಿಯುವ ಹಾದಿಯಲ್ಲಿ ಫರ್ಸಿಯ ಚೂರುಗಳು ಅಂಚು ಮೇಲಾಗಿ ಎದ್ದಿರುತ್ತವೆ. ಕಾಗಿಣಾ ನದಿ ತುಂಬಿ ಬಂದಾಗ ದಂಡೋತಿಯ ಸೇತುವೆ ಮುಳುಗುತ್ತದೆ, ಗಾಡಿಗಳು ಸುತ್ತುಹಾದಿ ಹಿಡಿಯುತ್ತವೆ. ಆ ಸುತ್ತುಹಾದಿ ಎಂದರೆ ಬರಿ ತಗ್ಗು.

ಚಿಂಚೋಳಿಯ ಕಡೆಯದು ಬೇರೆಯೇ ಬಗೆ. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು ಅಲ್ಲಿದೆ. ಚಂದ್ರಂಪಳ್ಳಿಯ ಕೆರೆಯಂಥ ಜಲಾಶಯ, ಕುಂಚಾವರಂ ಕಡೆಯ ಗುಡ್ಡಗಳು, ನಡುನಡುವೆ ಲಂಬಾಣಿ ತಾಂಡಾಗಳು. ತಾಂಡಾದ ಹಾದಿಗೆ ಮುರುಮು ಹಾಕಿರುತ್ತಾರೆ. ಒಂದು ಮಳೆಗಾಲಕ್ಕೆ ಅದು ಕೊಚ್ಚಿ ಹೋಗಿ ಕಲ್ಲು ಮೇಲೇಳುತ್ತದೆ. ಒಂದು ಗಾಲಿ ಗುಂಡಿಯಲ್ಲಿ ಜೋತಾಡಿದರೆ ಇನ್ನೊಂದು ಬಂಡೆಯ ಮೇಲೆ ಏರಿರುತ್ತದೆ. ಬುಷ್‌ನೊಳಗಿನ ರಬ್ಬರು ತನ್ನ ಎರಡೂ ತುದಿ ಮುಟ್ಟುವುದು ಇಂಥಲ್ಲಿ. ಪಟ್ಟಣದ ಡಾಂಬರಿನ ಮೇಲೆ ತಪ್ಪಾಗಿ ಬಿಗಿದ ಬುಷ್ ಹೇಗೋ ಎರಡು ವರ್ಷ ತಳ್ಳಿಬಿಡಬಹುದು. ಇಲ್ಲಿ ತಳ್ಳುವುದಿಲ್ಲ.

ಸರಿಯಾದ ರೀತಿ ಇಷ್ಟು. ಗಾಡಿ ಎತ್ತುವ ಮೊದಲೇ, ಸಮ ನೆಲದ ಮೇಲೆ ನಿಂತಿರುವಾಗ, ಗಾಲಿಯ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಆಮೇಲೆ ಎತ್ತಿ, ಬಿಚ್ಚಿ, ಹೊಸ ಬುಷ್ ಹಾಕಿ. ಬೋಲ್ಟು ತೂರಿಸಿ, ನಟ್ಟು ಪೂರ್ತಿ ಏರಿಸಿ, ಆಟ ಇಲ್ಲದ ಹಾಗೆ ಕೈಬಿಗಿ ಮಾಡಿ, ಅಲ್ಲಿಗೆ ನಿಲ್ಲಿಸಿ. ಗಾಲಿ ಹಾಕಿ ಗಾಡಿಯನ್ನು ನೆಲಕ್ಕಿಳಿಸಿ. ಇಳಿಸಿದ ಕೂಡಲೇ ಬಿಗಿಯಲು ಹೋಗಬೇಡಿ. ಮುಂದಿನ ಗಾಲಿಗಳು ಇಳಿಯುವಾಗ ಹೊರಕ್ಕೆ ಸರಿಯಬೇಕು, ಟೈರು ನೆಲವನ್ನು ಕಚ್ಚಿ ಹಿಡಿದು ಸರಿಯಗೊಡುವುದಿಲ್ಲ. ಗಾಡಿ ಎತ್ತರದಲ್ಲೇ ನಿಂತಿರುತ್ತದೆ. ಹಾಗಾಗಿ ನಾಲ್ಕಾರು ಅಡಿ ಹಿಂದೆ ಮುಂದೆ ತಳ್ಳಿ, ಬಂಪರ್ ಒತ್ತಿ ಎರಡು ಮೂರು ಸಲ ಕುಣಿಸಿ. ಟೇಪು ಹಿಡಿದು ಮತ್ತೆ ಅಳೆಯಿರಿ. ಮೊದಲು ಬರೆದಿಟ್ಟ ಅಳತೆಗೆ ಬಂತೋ, ಆಗ ಕೆಳಗೆ ನುಗ್ಗಿ ಪೂರ್ತಿ ಬಿಗಿ ಮಾಡಿ. ಹಳೆಯ ಬುಷ್ ಪೂರಾ ಹರಿದಿದ್ದರೆ ಅಳತೆಯಲ್ಲಿ ಬೆರಳಗಲದ ವ್ಯತ್ಯಾಸ ಬರಬಹುದು, ಅದಕ್ಕೆ ಹೆದರಬೇಕಿಲ್ಲ. ಇನ್ನೊಂದು ಎಚ್ಚರಿಕೆ: ಕೈಬಿಗಿಯಲ್ಲಿರುವ ಗಾಡಿಯನ್ನು ಅಂಗಳದಲ್ಲಿ ತಳ್ಳಬೇಕೇ ಹೊರತು “ಒಂದು ಸುತ್ತು ಹೊಡೆದು ಬರ್ತೀನಿ” ಎಂದು ರಸ್ತೆಗೆ ಇಳಿಸಬಾರದು.

“ಗಾಡಿ ಕೆಳಗ ಇಳಿಸಿದ ಮ್ಯಾಲ ಪಾನಾ ಹ್ಯಾಂಗ ಹೋಗ್ತದ್ರಿ?” ಎಂಬ ಪ್ರಶ್ನೆ ಇಲ್ಲೇ ಏಳುತ್ತದೆ, ಏಳಲೇಬೇಕು. ಗ್ಯಾರೇಜಿನ ಅಂಗಳದಲ್ಲಿ ಒಂದು ಗುಂಡಿ ತೋಡಿ, ಎರಡೂ ಬದಿ ಕಟ್ಟಿ, ಅದರ ಮೇಲೆ ಗಾಡಿ ನಿಲ್ಲಿಸುವ ವ್ಯವಸ್ಥೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಗಾಲಿ ನೆಲದ ಮೇಲೆ, ಮನುಷ್ಯ ಕೆಳಗೆ. ಎರಡು ಕಂಬದ ಲಿಫ್ಟ್ ಇಟ್ಟ ಹೊಸ ಗ್ಯಾರೇಜುಗಳಲ್ಲಿ ಈ ತಪ್ಪು ಹೆಚ್ಚಾಗಿ ನಡೆಯುವುದಕ್ಕೆ ಕಾರಣ ಆ ಲಿಫ್ಟ್ ಚಾಸಿ ಹಿಡಿದು ಎತ್ತುತ್ತದೆ, ನಾಲ್ಕೂ ಗಾಲಿ ಜೋತು ಬೀಳುತ್ತವೆ. ಯಂತ್ರ ಹೊಸದು ಎಂದ ಮಾತ್ರಕ್ಕೆ ಈ ಕೆಲಸಕ್ಕೆ ಹಳೆಯ ಗುಂಡಿಗಿಂತ ಮೇಲಲ್ಲ. ಗುಂಡಿಯೂ ಇಲ್ಲ ಎಂದರೆ ನಾಲ್ಕೂ ಗಾಲಿಗಳ ಕೆಳಗೆ ಒಂದೇ ಎತ್ತರದ ದಪ್ಪ ಕಟ್ಟಿಗೆಯ ದಿಮ್ಮಿ ಇಟ್ಟು ಗಾಡಿ ಏರಿಸಬಹುದು. ಅದೂ ಆಗದಿದ್ದರೆ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಇನ್ನೊಂದು ಜಾಕನ್ನು ಆರ್ಮಿನ ಕೆಳಗೆ ಹಚ್ಚಿ, ಗೋಡೆಯ ಮೇಲೆ ಬರೆದ ಅಳತೆ ಬರುವವರೆಗೆ ನಿಧಾನವಾಗಿ ಎತ್ತಿ, ಆಗ ಬಿಗಿಯಬೇಕು. ಗಾಡಿ ಸ್ಟ್ಯಾಂಡಿನಿಂದ ಎದ್ದುಬಿಡದ ಹಾಗೆ ಕಣ್ಣಿಟ್ಟಿರಬೇಕು.

ಜಾಕಿನ ಮಾತು ಬಂದದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲಾರೆ. ಎರೆ ಮಣ್ಣಿನ ಮೇಲೆ ಜಾಕ್ ನಿಲ್ಲುವುದಿಲ್ಲ, ಹೂತುಕೊಳ್ಳುತ್ತದೆ ಎಂದು ನಮ್ಮವರು ಅದರ ಕೆಳಗೆ ಒಂದು ಫರ್ಸಿ ತುಂಡು ಇಡುತ್ತಾರೆ. ಕೈಗೆ ಸುಲಭವಾಗಿ ಸಿಗುವುದು ಅದೇ. ಆದರೆ ಫರ್ಸಿ ಹಾಳೆ ಹಾಳೆಯಾಗಿ ಸೀಳುವ ಕಲ್ಲು. ಕೆಳಗೆ ಮಣ್ಣು ಸಮವಾಗಿಲ್ಲದಿದ್ದರೆ, ನಡುವೆ ಒಂದೇ ಕಡೆ ಟನ್ನುಗಟ್ಟಲೆ ಭಾರ ಬಿದ್ದರೆ, ಮುನ್ಸೂಚನೆ ಕೊಡದೆ ಎರಡಾಗುತ್ತದೆ. ದಪ್ಪ ಕಟ್ಟಿಗೆಯ ಹಲಗೆ ಇಡಿ. ಕಟ್ಟಿಗೆ ಮುರಿಯುವ ಮೊದಲು ಕಿರುಗುಟ್ಟಿ ಹೇಳುತ್ತದೆ. ಬರಿ ಜಾಕಿನ ಭರವಸೆಯ ಮೇಲೆ ಯಾರೂ ಗಾಡಿಯ ಕೆಳಗೆ ಹೋಗಬಾರದು. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನನ್ನಂತೂ ಕಳಿಸಲೇಬಾರದು.

ಇನ್ನು ಭಾರದ ಪ್ರಶ್ನೆ. ಗಾಡಿ ನೆಲದ ಮೇಲಿರಬೇಕು ಎಂದೆ, ಖಾಲಿಯೋ ತುಂಬಿಯೋ? ಗಾಡಿ ಮಾಡಿದ ಕಂಪನಿಯ ರಿಪೇರಿ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರುತ್ತದೆ. ಬಹಳಷ್ಟು ಗಾಡಿಗಳಿಗೆ ಖಾಲಿ ಗಾಡಿ, ಟ್ಯಾಂಕಿನಲ್ಲಿ ಎಣ್ಣೆ ಎಂದಿರುತ್ತದೆ. ಕೆಲವಕ್ಕೆ ಇಷ್ಟು ತೂಕ ಹೇರಿ ಎಂದೂ ಇರುತ್ತದೆ. ಪುಸ್ತಕ ಹೇಳಿದಂತೆ ಮಾಡುವುದೇ ಸರಿ. ಪುಸ್ತಕ ಕೈಯಲ್ಲಿಲ್ಲದಿದ್ದಾಗ ಯೋಚಿಸಬೇಕಾದದ್ದು ಆ ಗಾಡಿ ತನ್ನ ಆಯುಷ್ಯದ ಹೆಚ್ಚು ಕಾಲವನ್ನು ಯಾವ ಮಟ್ಟದಲ್ಲಿ ಕಳೆಯುತ್ತದೆ ಎಂಬುದನ್ನು. ಮನೆಯ ಬೊಲೆರೊ ಬಹುಪಾಲು ಇಬ್ಬರು ಮೂವರನ್ನು ಹೊತ್ತು ಓಡುತ್ತದೆ. ಖಾಲಿ ನಿಲ್ಲಿಸಿ ಬಿಗಿದರೆ ಸಾಕು. ಆದರೆ ಶಹಾಬಾದದ ಖಣಿಯಿಂದ ದಿನಾ ಫರ್ಸಿ ಹೇರುವ ಪಿಕಪ್‌ನ ಹಿಂದಿನ ಪಾಟಾ ಖಾಲಿ ಇದ್ದಾಗ ಕಮಾನಿನಂತೆ ಬಾಗಿರುತ್ತದೆ, ತುಂಬಿದಾಗ ನೆಟ್ಟಗಾಗುತ್ತದೆ. ಅಂಥ ಗಾಡಿಯ ಹಿಂದಿನ ಬುಷ್‌ಗಳನ್ನು ಸ್ವಲ್ಪ ಭಾರ ಹೇರಿ ಬಿಗಿಯುವುದು ನನಗೆ ಸರಿಯೆನಿಸುತ್ತದೆ. ಸಂತೆಗೆ, ಸನ್ನತಿಯ ಚಂದ್ರಲಾಂಬಾ ಜಾತ್ರೆಗೆ ಜನ ತುಂಬಿಕೊಂಡು ಓಡುವ ಕ್ರೂಸರಿಗೂ ಇದೇ ಮಾತು. ಗ್ಯಾರೇಜಿನ ಅಂಗಳದಲ್ಲಿ ನಿಂತಿರುವ ನಾಲ್ಕು ಮಂದಿಯನ್ನು ಹತ್ತಿಸಿ ಕೂರಿಸಿದರೂ ಆಯಿತು.

ಈಚೆಗೆ ತರುಣರು ಥಾರ್, ಜಿಮ್ನಿ, ಗೂರ್ಖಾ ಕೊಂಡು ಕಾಡಹಾದಿ, ಕಲ್ಲುಹಾದಿ ಎಂದು ಹೊರಡುತ್ತಾರೆ. ಗಾಡಿಗೆ ಎತ್ತರದ ಸ್ಪ್ರಿಂಗ್ ಹಾಕಿಸುತ್ತಾರೆ. ಹಾಕಿಸಿಕೊಳ್ಳಲಿ. ಆದರೆ ಸ್ಪ್ರಿಂಗ್ ಬದಲಾದ ಕೂಡಲೇ ಗಾಡಿಯ ನಿಲುವಿನ ಮಟ್ಟ ಬದಲಾಯಿತು, ಬುಷ್‌ಗಳು ಮಾತ್ರ ಹಳೆಯ ಮಟ್ಟಕ್ಕೇ ಬಿಗಿದು ಕೂತಿವೆ. ಎರಡು ಇಂಚು ಎತ್ತಿಸಿದರೆ ಎರಡು ಇಂಚಿನ ತಿರುಚು ಪ್ರತಿ ಬುಷ್‌ನಲ್ಲೂ ಕಾಯಂ ಆಗಿ ನಿಲ್ಲುತ್ತದೆ. ಜಿಮ್ನಿಗೆ ಮುಂದೆಯೂ ಹಿಂದೆಯೂ ಉದ್ದ ಆರ್ಮುಗಳು ಹಿಡಿದ ಇಡಿಯ ಆಕ್ಸಲ್. 2020ರಿಂದ ಬಂದ ಥಾರಿಗೆ ಮುಂದೆ ಎರಡು ಆರ್ಮಿನ ವ್ಯವಸ್ಥೆ, ಹಿಂದೆ ಕಾಯಿಲ್ ಸ್ಪ್ರಿಂಗಿನ ಜೊತೆ ಹಲವು ಕಡ್ಡಿಗಳು. ಬುಷ್‌ಗಳ ಸಂಖ್ಯೆ ಹಳೆಯ ಜೀಪಿಗಿಂತ ಹೆಚ್ಚು. ಎತ್ತರ ಬದಲಿಸಿದ ದಿನವೇ ಅವಿಷ್ಟನ್ನೂ ಸಡಿಲ ಮಾಡಿ, ಹೊಸ ಮಟ್ಟದಲ್ಲಿ ಗಾಡಿ ನಿಲ್ಲಿಸಿ ಮತ್ತೆ ಬಿಗಿಯಬೇಕು. ಸ್ಪ್ರಿಂಗ್ ಹಾಕಿದವರು ಇದನ್ನು ಮಾಡಿದ್ದಾರೆಯೇ ಎಂದು ಕೇಳುವುದು ಮಾಲೀಕನ ಹಕ್ಕು.

ಪಾಟಾದ ಗಾಡಿಗಳಲ್ಲಿ ಸ್ವಲ್ಪ ವಿಂಗಡಿಸಿ ನೋಡಬೇಕು. ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಪಾಟಾ. ಪಾಟಾದ ಕಣ್ಣಿನಲ್ಲಿ, ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್‌ನಲ್ಲಿ ರಬ್ಬರು ಇದ್ದಲ್ಲೆಲ್ಲ ನೆಲದ ಮೇಲೆಯೇ ಬಿಗಿಯಬೇಕು. ಆಕ್ಸಲಿಗೆ ಪಾಟಾ ಕಟ್ಟುವ ಯು ಬೋಲ್ಟುಗಳಿಗೂ ಕೊನೆಯ ಬಿಗಿ ಕೊಡುವಾಗ ಗಾಡಿಯ ಭಾರ ಪಾಟಾದ ಮೇಲಿರಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು, ಪಾಟಾಗಳು ಒಂದರ ಮೇಲೊಂದು ಕೂತುಕೊಂಡು ಬೋಲ್ಟು ಸಡಿಲ ಬಿದ್ದಿರುತ್ತದೆ. ಗ್ರೀಸ್ ನಿಪ್ಪಲ್ ಇರುವ ಹಿತ್ತಾಳೆಯಂಥ ಲೋಹದ ಬುಷ್‌ನ ವಿಚಾರ ಬೇರೆ. ಅದು ತಿರುಚುವುದಿಲ್ಲ, ತಿರುಗುತ್ತದೆ. ಅಲ್ಲಿ ಯಾವ ಸ್ಥಿತಿಯಲ್ಲಿ ಬಿಗಿದರೂ ನಡೆಯುತ್ತದೆ. ಗ್ರೀಸ್ ತಪ್ಪಬಾರದು ಅಷ್ಟೆ. ಪಾಲಿಯುರೆಥೇನ್ ಎಂಬ ಬಣ್ಣಬಣ್ಣದ ಗಟ್ಟಿ ಬುಷ್‌ಗಳೂ ಬಹುತೇಕ ಒಳಕೊಳವೆಯ ಮೇಲೆ ತಿರುಗುವಂಥವು, ಹಾಕುವಾಗ ಅವುಗಳ ಜೊತೆ ಬಂದ ಗ್ರೀಸನ್ನೇ ಹಚ್ಚಬೇಕು. ಶಾಕಬ್ಸರಿನ ಮೇಲ್ತುದಿಯಲ್ಲಿ ಎರಡು ವಾಷರುಗಳ ನಡುವೆ ಬಿಸ್ಕತ್ತಿನಾಕಾರದ ರಬ್ಬರು ಬರುತ್ತದೆ, ಅದನ್ನು ಮೈಬಲವೆಲ್ಲ ಹಾಕಿ ಬಿಗಿದರೆ ರಬ್ಬರು ಹಿಂಡಿ ಹೊರಗೆ ಬರುತ್ತದೆ. ಪುಸ್ತಕದಲ್ಲಿ ಹೇಳಿದಷ್ಟಕ್ಕೇ ಅಲ್ಲಿ ನಿಲ್ಲಿಸಬೇಕು.

ಎಷ್ಟು ಬಿಗಿಯಬೇಕು? ಇದಕ್ಕೆ ಟಾರ್ಕ್ ಪಾನಾ ಎಂಬ ಅಳತೆಯ ಪಾನಾ ಇದೆ. ಪುಸ್ತಕದಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಸುಮಾರು ಹತ್ತು ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಯಲ್ಲಿ ಒಂದು ಕಿಲೋ ತೂಗಿದಷ್ಟು. ಹಾಗಾದರೆ 100 ನ್ಯೂಟನ್ ಮೀಟರ್ ಬೇಕಿದ್ದರೆ ಅರ್ಧ ಮೀಟರಿನ ಪಾನಾವನ್ನು 20 ಕಿಲೋ ಬಲದಿಂದ ಎಳೆಯಬೇಕು. ಬೋಲ್ಟಿನಿಂದ ಬೋಲ್ಟಿಗೆ ಈ ಅಂಕಿ ಬೇರೆ. ಒಂದು ಗಾಡಿಯದು ಇನ್ನೊಂದಕ್ಕೆ ಸಲ್ಲದು. ಸಡಿಲ ಬಿಟ್ಟರೆ ಏನಾಗುತ್ತದೆ ಗೊತ್ತೇ? ಒಳಕೊಳವೆ ಕಿವಿಗಳ ನಡುವೆ ತಿರುಗಲು ಶುರು ಮಾಡುತ್ತದೆ, ಬೋಲ್ಟು ಸವೆಯುತ್ತದೆ, ಚಾಸಿಯ ಕಿವಿಯ ದುಂಡನೆಯ ತೂತು ಮೊಟ್ಟೆಯಾಕಾರವಾಗುತ್ತದೆ. ಆಮೇಲೆ ಎಷ್ಟು ಬುಷ್ ಬದಲಿಸಿದರೂ ಸಪ್ಪಳ ನಿಲ್ಲದು, ವೆಲ್ಡಿಂಗ್ ಮಾಡಿಸಬೇಕು. ಅತಿಯಾಗಿ ಬಿಗಿದರೆ ಬೋಲ್ಟು ಎಳೆದುಕೊಂಡು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಅಂಥ ಬೋಲ್ಟು ನೋಡಲು ಸರಿಯಾಗಿಯೇ ಕಾಣುತ್ತದೆ, ಅದೇ ಅದರ ಅಪಾಯ.

ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ಓದುವ ಅಭ್ಯಾಸ ಬೆಳೆಯಬೇಕು. 8.8 ಎಂದೋ 10.9 ಎಂದೋ ಅಚ್ಚೊತ್ತಿರುತ್ತದೆ. ಅದು ಉಕ್ಕಿನ ಬಲದ ಗುರುತು, ಎರಡನೆಯದು ಹೆಚ್ಚು ಬಲದ್ದು. ಹಳೆಯದು ಕಳೆದುಹೋಯಿತೆಂದು ಹಾರ್ಡ್‌ವೇರ್ ಅಂಗಡಿಯಿಂದ ತಲೆಯ ಮೇಲೆ ಏನೂ ಬರೆಯದ ಬೋಲ್ಟು ತಂದು ಹಾಕುವುದು ಗೇಟಿಗೆ ಸರಿ, ಹನ್ನೆರಡು ಜನ ಕೂತ ಗಾಡಿಗಲ್ಲ. ನೈಲಾನ್ ಬಳೆ ಇರುವ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು. ಶಹಾಬಾದದಲ್ಲಿ ಎವಿಬಿ ಎಂದು ಕರೆಸಿಕೊಂಡ ಎ.ಸಿ.ಸಿ.–ವಿಕರ್ಸ್–ಬ್ಯಾಬ್‌ಕಾಕ್ ಕಾರ್ಖಾನೆಯಲ್ಲಿ ಬಾಯ್ಲರು, ಸಿಮೆಂಟ್ ಯಂತ್ರಗಳು ತಯಾರಾಗುತ್ತಿದ್ದ ಕಾಲವೊಂದಿತ್ತು. ಅಂಥ ಕಡೆ ಕೆಲಸ ಮಾಡಿದ ಫಿಟ್ಟರುಗಳಿಗೆ ಬೋಲ್ಟಿನ ಅಂಕಿ, ಬಿಗಿಯ ಅಳತೆ ಹೊಸ ವಿಷಯವೇನೂ ಅಲ್ಲ. ಆ ಶಿಸ್ತು ಕಾರ್ಖಾನೆಯ ಗೇಟಿನೊಳಗೇ ಉಳಿಯದೆ ರಸ್ತೆ ಬದಿಯ ಗ್ಯಾರೇಜಿಗೂ ಬರಲಿ ಎಂಬುದು ನನ್ನ ಆಸೆ.

ಮಳೆಗಾಲಕ್ಕೆ ಮೊದಲು ನಡೆಯುವ ಒಂದು ರೂಢಿಯನ್ನೂ ಇಲ್ಲಿ ಎತ್ತಬೇಕು. ಗಾಡಿ ತೊಳೆಸಿ, ತುಕ್ಕು ಹಿಡಿಯದಿರಲಿ ಎಂದು ಕೆಳಗೆಲ್ಲ ಡೀಸೆಲ್ಲೋ ಹಳೆಯ ಎಂಜಿನ್ ಆಯಿಲ್ಲೋ ಸ್ಪ್ರೇ ಮಾಡಿಸುತ್ತಾರೆ. ಕಬ್ಬಿಣಕ್ಕೆ ಅದರಿಂದ ಲಾಭವಿರಬಹುದು, ರಬ್ಬರಿಗೆ ಅದು ವಿಷ. ಬುಷ್‌ಗಳಲ್ಲಿ ಹೆಚ್ಚಾಗಿ ಬಳಸುವುದು ನೈಸರ್ಗಿಕ ರಬ್ಬರು, ನಮ್ಮ ರಾಜ್ಯದ ಸುಳ್ಯ ಪುತ್ತೂರಿನ ಕಡೆ ಮರಕ್ಕೆ ಗೀರು ಹಾಕಿ ಹಾಲು ಇಳಿಸುತ್ತಾರಲ್ಲ, ಆ ಜಾತಿಯದು. ಮತ್ತೆ ಮತ್ತೆ ತಿರುಚಿಕೊಂಡು ವಾಪಸು ಬರುವ ಗುಣದಲ್ಲಿ ಅದನ್ನು ಮೀರಿಸಿದ್ದು ಕಡಿಮೆ. ಆದರೆ ಎಣ್ಣೆ ತಾಗಿದರೆ ಹೀರಿಕೊಂಡು ಉಬ್ಬುತ್ತದೆ, ಮೆತ್ತಗಾಗುತ್ತದೆ. ಹೊಸ ಬುಷ್ ಒಳಗೆ ಹೋಗಲಿ ಎಂದು ಗ್ರೀಸ್ ಹಚ್ಚಿ ನೂಕುವುದೂ ಅಷ್ಟೇ ತಪ್ಪು. ಸಾಬೂನು ನೀರು ಸಾಕು, ಅದು ಒಣಗಿ ಹೋಗುತ್ತದೆ. ನಮ್ಮ ಬೇಸಿಗೆಯ ನಲವತ್ತು ದಾಟಿದ ಬಿಸಿಲು, ಸಿಮೆಂಟಿನ ಧೂಳು ಇವನ್ನು ನಾವು ತಪ್ಪಿಸಲಾರೆವು. ಎಣ್ಣೆಯನ್ನು ತಪ್ಪಿಸಬಹುದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎಂದು ಯಾರಾದರೂ ಕೇಳಬಹುದು. ಆರ್ಮಿನ ಬುಷ್ ಹರಿದ ಗಾಡಿ ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯುತ್ತದೆ. ಎದುರಿಗೆ ಸಿಮೆಂಟ್ ಲಾರಿ ಬರುತ್ತಿರುವಾಗ ಹಾಗೆ ಎಳೆದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ತೊಗರಿ ರಾಶಿಯ ಕಾಲದಲ್ಲಿ ತಾಂಡಾದ ಹೆಣ್ಣುಮಕ್ಕಳು ಬೆಳಗಿನ ಕತ್ತಲೆಯಲ್ಲಿ ಇಂಥ ಗಾಡಿ ಹತ್ತಿ ಕೂಲಿಗೆ ಹೋಗುತ್ತಾರೆ. ಶಾಲೆ ಮಕ್ಕಳು ಹತ್ತುತ್ತಾರೆ. ಬಸ್ಸು ಬರದ ಊರಿನಿಂದ ಬಾಣಂತಿಯನ್ನು ಆಸ್ಪತ್ರೆಗೆ ತರುವುದೂ ಇದೇ ಗಾಡಿ. ಅವರಲ್ಲಿ ಯಾರಿಗೂ ಬುಷ್ ಎಂದರೇನು ಎಂದು ತಿಳಿದಿರಬೇಕಾಗಿಲ್ಲ. ತಿಳಿದಿರಬೇಕಾದವರು ಗಾಡಿಯ ಮಾಲೀಕರು, ಉಸ್ತಾದರು.

ಮಾಲೀಕರಿಗೆ ಒಂದು ಮಾತು. ಜೋತುಬಿದ್ದ ಸ್ಥಿತಿಯಲ್ಲೇ ಬಿಗಿದು ಕಳಿಸುವ ಉಸ್ತಾದನ ಬೆನ್ನ ಹಿಂದೆ ಬಹಳ ಸಲ ನಿಮ್ಮ ಅವಸರ ಇರುತ್ತದೆ. “ಲಗೂ ಮಾಡು ತಮ್ಮಾ, ಟ್ರಿಪ್ ಅದ” ಎಂದು ನೀವು ತಲೆಯ ಮೇಲೆ ನಿಂತರೆ ಅವನು ಗಾಡಿ ಇಳಿಸಿ, ತಳ್ಳಿ, ಅಳೆದು, ಮತ್ತೆ ಕೆಳಗೆ ನುಗ್ಗುವನೇ? ಹೆಚ್ಚಿಗೆ ಬೇಕಾಗುವುದು ಒಂದು ಚಹಾ ಕುಡಿಯುವಷ್ಟು ಹೊತ್ತು. ಆ ಹೊತ್ತು ಕೊಡಿ, ಆ ದುಡಿಮೆಗೆ ಕೂಲಿಯನ್ನೂ ಕೊಡಿ. ಗಾಡಿ ಬಿಡುವಾಗಲೇ, “ಬುಷ್ ಬೋಲ್ಟ್ ಗಾಲಿ ಕೆಳಗ ಇಳಿಸಿದ ಮ್ಯಾಲೇ ಟೈಟ್ ಮಾಡ್ರಿ, ನಾ ಕುಂಡ್ರತೀನಿ” ಎಂದು ಹೇಳಿ ಕೂತುಕೊಳ್ಳಿ. ಈಗಾಗಲೇ ತಪ್ಪಾಗಿ ಬಿಗಿಸಿಕೊಂಡಿದ್ದೇವೆ ಎಂಬ ಅನುಮಾನವಿದ್ದರೆ, ಬುಷ್ ಇನ್ನೂ ಸೀಳಿಲ್ಲದಿದ್ದರೆ, ಹೊಸದು ಕೊಳ್ಳಬೇಕಿಲ್ಲ. ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಆ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದರೆ ರಬ್ಬರು ತಟ್ಟನೆ ತನ್ನ ಸ್ಥಿತಿಗೆ ಬರುವುದು ಕಾಣುತ್ತದೆ, ಕೆಲವೊಮ್ಮೆ ಗಾಡಿ ಸಣ್ಣಗೆ ತಗ್ಗುತ್ತದೆ ಕೂಡ. ಆಗ ಗಾಡಿಯನ್ನು ಕುಣಿಸಿ ಮತ್ತೆ ಬಿಗಿಯಿರಿ.

ಬಿಗಿದಾದ ಮೇಲೆ ನಟ್ಟಿನಿಂದ ಕಿವಿಯವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ವಾರ ಹತ್ತು ದಿನ ಓಡಿಸಿದ ಮೇಲೆ ಬಗ್ಗಿ ನೋಡಿದರೆ ಸಾಕು: ಗೆರೆ ಕೂಡಿಕೊಂಡೇ ಇದ್ದರೆ ಬೋಲ್ಟು ತನ್ನ ಜಾಗದಲ್ಲಿದೆ, ಮುರಿದು ಎರಡಾಗಿದ್ದರೆ ನಟ್ಟು ಸರಿದಿದೆ. ಸರಿದ ನಟ್ಟನ್ನು ಅಲ್ಲೇ ದಾರಿಯಲ್ಲಿ ಜಾಕ್ ಹಚ್ಚಿ ಬಿಗಿಯದೆ, ಗಾಲಿಗಳು ನೆಲದ ಮೇಲಿದ್ದ ಹಾಗೆಯೇ ಕೈ ಚಾಚಿ ಬಿಗಿದುಕೊಂಡು, ನಿಧಾನವಾಗಿ ಹತ್ತಿರದ ಗ್ಯಾರೇಜಿನ ಗುಂಡಿಗೆ ಒಯ್ಯಿರಿ. ಅಲ್ಲಿ ಹೊಸ ನಟ್ಟು ಹಾಕಿಸಿ, ಟಾರ್ಕ್ ಪಾನಾದಿಂದ ಅಳತೆಗೆ ಬಿಗಿಸಿ.